ಸೋಪಕ್ಕನ ಹನ್ನೊಂದು ಪ್ರಮಾಣಪತ್ರಗಳು

ಆಟಗಾರರನ್ನು ನಾವು ನೀವು ಮುಖ ನೋಡಿ ಗುರುತು ಹಿಡಿಯುತ್ತೇವೆ. ಸೋಪಕ್ಕ ಕಲೆ ನೋಡಿ ಹಿಡಿಯುತ್ತಾಳೆ. ಎರಡೂ ಮೊಣಕೈಗೆ ಮಣ್ಣು ಮೆತ್ತಿದ್ದರೆ ಗೋಲು ಕಾಯುವ ಗೋಲಿ. ಸೊಂಟದ ಒಂದೇ ಬದಿಗೆ ಹುಲ್ಲಿನ ಹಸಿರು ಉಜ್ಜಿದ್ದರೆ ಹಿಂದಿನ ಸಾಲಿನ ಉದ್ದಕಾಲಿನವನು. ಬೆನ್ನೆಲ್ಲ ಕೆಸರಾಗಿ ಎದೆ ಮಾತ್ರ ಬೆಳ್ಳಗೆ ಉಳಿದಿದ್ದರೆ ಅದು ತಂಡದ ದೊಡ್ಡ ಸ್ಟಾರ್‌ನದು; ಯಾರೂ ಮುಟ್ಟದಿದ್ದರೂ ಅಂಗಾತ ಮಲಗಿ, ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ರೆಫರಿಯನ್ನು ನೋಡುವುದು ಅವನ ಆಟದ ಮುಖ್ಯ ಭಾಗ. ನಾಯಕನ ಅಂಗಿಯಲ್ಲಿ ಕಲೆಯೇ ಇರುವುದಿಲ್ಲ. ಅವನು ಕೈತೋರಿಸಿ ಆಡಿಸುವವನು.

ಆ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆಯುವ ಕೆಲಸಕ್ಕೆ ಅವಳು ಸೇರಿ ಇಪ್ಪತ್ತಾರು ವರ್ಷವಾಯಿತು. ಅವಳ ಕೋಣೆ ಗ್ಯಾಲರಿಯ ಮೆಟ್ಟಿಲುಗಳ ಕೆಳಗಿದೆ. ಚಾವಣಿ ಇಳಿಜಾರಾದ್ದರಿಂದ ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದು, ನಲ್ಲಿಯ ಹತ್ತಿರ ಹೋಗುವಷ್ಟರಲ್ಲಿ ತಲೆ ತಗ್ಗಿಸಬೇಕು. ಪಂದ್ಯದ ದಿನ ಸಾವಿರಾರು ಜನರ ಕಾಲುಗಳು ಅವಳ ನೆತ್ತಿಯ ಮೇಲೇ ಇರುತ್ತವೆ. ಆಟವನ್ನು ಅವಳು ಒಂದು ದಿನವೂ ಪೂರ್ತಿ ನೋಡಿದವಳಲ್ಲ. ಆದರೆ ಗೋಲಾದದ್ದು, ತಪ್ಪಿದ್ದು, ಎದುರಾಳಿ ಹೊಡೆದದ್ದು, ಎಲ್ಲ ಅವಳಿಗೆ ಚಾವಣಿಯ ಸದ್ದಿನಲ್ಲೇ ಗೊತ್ತಾಗುತ್ತದೆ. ಜನ ಒಟ್ಟಿಗೆ ಕುಣಿದರೆ ನಮ್ಮದು. ಕುಣಿಯಲು ಎದ್ದವರು ಹಾಗೇ ಧೊಪ್ಪನೆ ಕೂತರೆ ತಪ್ಪಿಹೋಯಿತು. ಸುಣ್ಣದ ಪುಡಿ ಉದುರಿದರೆ ಕಪ್ ಗೆದ್ದರು ಅಂತ ಲೆಕ್ಕ. ಕಳೆದ ಒಂಬತ್ತು ವರ್ಷದಿಂದ ಸುಣ್ಣ ಉದುರಿಲ್ಲ.

ಒಗೆತದಲ್ಲಿ ಅವಳಿಗೆ ತನ್ನದೇ ಕಟ್ಟಳೆಗಳಿದ್ದವು. ಆಟಗಾರರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಂಗಿಗಳು ನೀರಿನೊಳಗಿರಬೇಕು. ರಕ್ತವಿದ್ದರೆ ತಣ್ಣೀರೇ, ಬಿಸಿನೀರು ಮುಟ್ಟಿಸಿದರೆ ಕಲೆ ಕಚ್ಚಿಕೊಳ್ಳುತ್ತದೆ. ಹಿಂಬದಿಯ ಸಂಖ್ಯೆ ಬಿರಿಯದಂತೆ ಒಳಮೈ ಹೊರಗೆ ಮಾಡಿ ಹಾಕಬೇಕು. ಕಾಲರನ್ನು ಮೆಷಿನ್ನಿಗೆ ಬಿಡಬಾರದು, ಕೈಯಲ್ಲೇ ಬ್ರಶ್ ಹೊಡೆಯಬೇಕು. ಕೋಣೆಯಲ್ಲಿ ಮೂರು ಮೆಷಿನ್ನುಗಳಿದ್ದರೂ ಕೆಲಸ ಮಾಡುವುದು ಎರಡೇ. ಮೂರನೆಯದನ್ನು ಒಂದು ಕಂಪನಿ, ಮೈದಾನದಲ್ಲಿ ತನ್ನ ಬೋರ್ಡು ಹಾಕಿದ್ದಕ್ಕೆ, ಪುಕ್ಕಟೆಯಾಗಿ ಕೊಟ್ಟಿತ್ತು. ಅಧ್ಯಕ್ಷರು ಬಂದು ಗುಂಡಿ ಒತ್ತಿ ಫೋಟೊ ತೆಗೆಸಿಕೊಂಡರು. ಮೂರನ್ನೂ ಒಟ್ಟಿಗೆ ತಿರುಗಿಸುವ ಶಕ್ತಿ ಆ ಕೋಣೆಯ ಕರೆಂಟಿನ ತಂತಿಗಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಅಂದಿನಿಂದ ಅದರ ಮೇಲೆ ಹಳೇ ಬೆಡ್‌ಶೀಟು, ಬೆಡ್‌ಶೀಟಿನ ಮೇಲೆ ಸೋಪಕ್ಕನ ಊಟದ ಡಬ್ಬಿ.

ಹೀಗೆ ನೆಮ್ಮದಿಯಾಗಿ ಒಗೆದುಕೊಂಡಿದ್ದವಳ ಬದುಕಿನೊಳಗೆ ಸಾಮಾಜಿಕ ಕಾಳಜಿ ಬಂದಿದ್ದು ಆರು ವರ್ಷದ ಹಿಂದೆ.

ಅದು ಬಂದದ್ದು ಒಬ್ಬ ಪ್ರಚಾರಾಧಿಕಾರಿಯ ರೂಪದಲ್ಲಿ. ಮೂವತ್ತರ ಆಸುಪಾಸಿನವನು, ಕಾಲಿಗೆ ಸಾಕ್ಸ್ ಇಲ್ಲದ ಬೂಟು, ಕೈಯಲ್ಲಿ ಎರಡು ಫೋನು. ತಂಡ ಗೆಲ್ಲುತ್ತಿಲ್ಲ, ಸೋಲುವ ತಂಡದ ಅಂಗಿಯನ್ನು ಯಾರೂ ಕೊಳ್ಳುವುದಿಲ್ಲ, ಆದ್ದರಿಂದ ಅಂಗಿಗೆ ಆಟ ಬಿಟ್ಟು ಬೇರೆ ಏನಾದರೂ ಅರ್ಥ ಕೊಡಬೇಕು ಎಂದು ಅವನು ಸಮಿತಿಗೆ ವಿವರಿಸಿದನಂತೆ. ಸಮಿತಿಯವರು, ಅಷ್ಟು ದಿನ ತಮ್ಮ ಎದೆಯಲ್ಲಿ ಇಂಥದೊಂದು ಕಾಳಜಿ ಮಲಗಿತ್ತೆಂದು ತಮಗೇ ಗೊತ್ತಿಲ್ಲದವರು, ಕಣ್ಣೊರೆಸಿಕೊಂಡು ಒಪ್ಪಿದರು. ಅಂದಿನಿಂದ ಪಂದ್ಯಕ್ಕೊಂದು ಕಾಳಜಿ. ಒಂದು ಭಾನುವಾರ ಮರಗಳಿಗಾಗಿ ಹಸಿರು ಅಂಗಿ, ಇನ್ನೊಂದು ಭಾನುವಾರ ಹಕ್ಕಿಗಳಿಗಾಗಿ ರೆಕ್ಕೆಯ ಚಿತ್ರದ್ದು, ಮತ್ತೊಂದಕ್ಕೆ ಮುದುಕರಿಗಾಗಿ ಬೂದು ಬಣ್ಣದ್ದು. ಪಂದ್ಯ ಮುಗಿದ ಮರುದಿನದಿಂದ ಅದೇ ಅಂಗಿ ಕ್ಲಬ್ಬಿನ ಅಂಗಡಿಯಲ್ಲಿ ಮಾಮೂಲಿಗಿಂತ ಒಂದೂವರೆ ಪಟ್ಟು ಬೆಲೆಗೆ. ಮರಗಳಿಗೆ ಅದರಿಂದ ಏನಾಯಿತು ಎಂದು ಯಾವ ಮರವೂ ಬಂದು ಕೇಳಲಿಲ್ಲ. ಮರಗಳ ಭಾನುವಾರದ ಹಸಿರು ಬಣ್ಣ ಮೊದಲ ಒಗೆತಕ್ಕೇ ಬಿಟ್ಟು ಎರಡು ಡಜನ್ ಸಾಕ್ಸು ಹಾಳಾದದ್ದು ಮಾತ್ರ ಸೋಪಕ್ಕನಿಗೆ ನೆನಪಿದೆ.

ಪ್ರಚಾರಾಧಿಕಾರಿಯ ವಿಶೇಷವೆಂದರೆ ಅವನು ಅಕ್ಷರಗಳನ್ನು ನೋಡುತ್ತಿದ್ದ, ಓದುತ್ತಿರಲಿಲ್ಲ. ಇದಕ್ಕೊಂದು ಉದಾಹರಣೆ ಕೊಡದೆ ಮುಂದೆ ಹೋಗುವಂತಿಲ್ಲ. ಮುದುಕರ ಭಾನುವಾರಕ್ಕೆಂದು ಹದಿನೈದು ಅಡಿ ಉದ್ದದ ಬಟ್ಟೆಯ ಬ್ಯಾನರ್ ಬಂದಿತ್ತು. ಮಡಿಕೆ ಬಿದ್ದಿದೆ, ಇಸ್ತ್ರಿ ಮಾಡಿಕೊಡಿ ಎಂದು ಅದನ್ನು ಸೋಪಕ್ಕನಿಗೆ ಕಳಿಸಿದರು. ಅವಳು ಒಂದು ತುದಿಯಿಂದ ಇಸ್ತ್ರಿ ಎಳೆಯುತ್ತ ಅಕ್ಷರ ಕೂಡಿಸಿ ಓದಿದಳು. 'ಇಲ್ಲಿ ಎರಡು ಸಾಲಿನ ಘೋಷಣೆ ಬರುತ್ತದೆ' ಎಂದಿತ್ತು.

ಅವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಎರಡನೇ ಮಹಡಿಗೆ ಹತ್ತಿ ಹೋದಳು.

"ಸಾರ್, ಬ್ಯಾನರಲ್ಲಿ ಘೋಷಣೆ ಬರುತ್ತೆ ಅಂತ ಬರ್ದಿದೆ. ಘೋಷಣೆ ಬಂದಿಲ್ಲ."

ಅವನು ಫೋನಿನಿಂದ ತಲೆ ಎತ್ತಲಿಲ್ಲ. "ಅಕ್ಷರದ ಸೈಜ್ ಹೇಗಿದೆ ಅಕ್ಕಾ? ದೂರಕ್ಕೆ ಕಾಣತ್ತಾ?"

"ಕಾಣತ್ತೆ."

"ಅಷ್ಟು ಸಾಕು."

ಭಾನುವಾರ ಹನ್ನೊಂದು ಜನ ಆಟಗಾರರು ಆ ಬ್ಯಾನರನ್ನು ಎದೆಗೆ ಆನಿಸಿಕೊಂಡು ನಿಂತರು. ಅಧ್ಯಕ್ಷರು ಅದರ ಮುಂದೆ ನಿಂತು ಮುದುಕರ ಬಗ್ಗೆ ಮಾತಾಡಿ ಗಂಟಲು ಕಟ್ಟಿಸಿಕೊಂಡರು. ಗ್ಯಾಲರಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮರುದಿನದ ಪತ್ರಿಕೆಯಲ್ಲಿ ಫೋಟೊ ಬಂತು. ಎರಡು ಸಾಲಿನ ಘೋಷಣೆ ಇವತ್ತಿನವರೆಗೂ ಬಂದಿಲ್ಲ, ಅದು ಬರಲಿಲ್ಲವೆಂದು ಯಾರಿಗೂ ಬೇಜಾರೂ ಆಗಿಲ್ಲ.

ಇದೆಲ್ಲ ಸೋಪಕ್ಕನಿಗೆ ನಗೆಚಾಟಿಕೆಯ ವಿಷಯವಾಗಿಯೇ ಉಳಿಯುತ್ತಿತ್ತು, ಅವಳ ತಂಗಿ ನಡುವೆ ಬರದೆ ಹೋಗಿದ್ದರೆ.

ತಂಗಿ ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ಇಪ್ಪತ್ತೆರಡು ಹಾಸಿಗೆಯ ವಾರ್ಡು. ಅಲ್ಲಿದ್ದ ಒಂದೇ ವಾಷಿಂಗ್ ಮೆಷಿನ್ ಕೆಟ್ಟು ಏಳು ತಿಂಗಳಾಗಿತ್ತು. ಹೊದಿಕೆ ಬೆಡ್‌ಶೀಟುಗಳೆಲ್ಲ ಊರಾಚೆಯ ದೊಡ್ಡ ಲಾಂಡ್ರಿಗೆ ಹೋಗಿ ನಾಲ್ಕು ದಿನಕ್ಕೆ ಬರುತ್ತಿದ್ದವು. ಬಂದರೂ ಅರ್ಧ ಹಸಿ. ವಾಂತಿ ಮಾಡಿಕೊಂಡ ಮಗು, ಹಾಸಿಗೆ ಒದ್ದೆ ಮಾಡಿಕೊಂಡ ಮಗು, ಬರಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಬೇಕು. ಜ್ವರದ ಮೈ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಮಕ್ಕಳು ಮಗ್ಗುಲಾದಾಗೆಲ್ಲ ಪರಪರ ಸದ್ದಾಗುತ್ತದೆ ಎಂದು ತಂಗಿ ಹೇಳಿದ ದಿನ ಸೋಪಕ್ಕನಿಗೆ ಊಟ ಸೇರಲಿಲ್ಲ. ಇಪ್ಪತ್ತಾರು ವರ್ಷ ದೊಡ್ಡ ಗಂಡಸರ ಚಡ್ಡಿ ಒಗೆದು ಫಳಫಳ ಮಾಡಿದ ಕೈ ಅದು.

"ನಿಮ್ಮ ಕ್ಲಬ್ಬಿನವರು ಏನೇನೋ ದಾನಧರ್ಮ ಮಾಡ್ತಾರಂತಲ್ಲಕ್ಕ, ಕೇಳಿ ನೋಡೇ," ಅಂದಳು ತಂಗಿ.

ಸೋಪಕ್ಕ ಮತ್ತೆ ಎರಡನೇ ಮಹಡಿ ಹತ್ತಿದಳು. ಮಕ್ಕಳು, ಆಸ್ಪತ್ರೆ ಎಂಬ ಎರಡು ಶಬ್ದ ಕಿವಿಗೆ ಬೀಳುತ್ತಲೇ ಪ್ರಚಾರಾಧಿಕಾರಿ ಎರಡೂ ಫೋನುಗಳನ್ನು ಮೇಜಿನ ಮೇಲಿಟ್ಟ. ಅದು ಅವನು ಯಾರಿಗೂ ತೋರಿಸದ ಗೌರವ.

"ಅಕ್ಕಾ, ಮಕ್ಕಳು ಯಾವ ವಯಸ್ಸಿನವರು? ಫೋಟೊಗೆ ಬಿಡ್ತಾರಾ? ಮುಂದಿನ ತಿಂಗಳು ನಮ್ಮ ಪಟ್ಟೀಲಿ ಕಾಳಜಿ ಖಾಲಿ ಇದೆ."

ಕಾಳಜಿ ಭರ್ತಿಯಾಯಿತು. 'ಪುಟ್ಟ ನಗುವಿಗಾಗಿ' ಎಂದು ಹೆಸರಿಟ್ಟರು. ಈ ಸಲ ಅಂಗಡಿಯಲ್ಲಿ ಮಾರುವುದಲ್ಲದೆ, ಆಟಗಾರರು ತೊಟ್ಟು ಆಡಿದ ಹನ್ನೊಂದು ಅಂಗಿಗಳನ್ನೇ ಹರಾಜು ಹಾಕುವುದು, ಬಂದದ್ದರಲ್ಲಿ ವಾರ್ಡಿಗೆ ಮೆಷಿನ್ ಕೊಡಿಸುವುದು ಎಂದು ತೀರ್ಮಾನವಾಯಿತು. ಅಂಗಿ ಹರಾಜಿನಲ್ಲೊಂದು ಗುಟ್ಟಿದೆ. ಕೊಳ್ಳುವ ಶ್ರೀಮಂತರಿಗೆ ಅಂಗಿ ಬೇಡ, ಅದರ ಕೊಳೆ ಬೇಕು. ಸ್ಟಾರ್ ಬಿದ್ದ ಕೆಸರು, ಗೋಲಿಯ ಬೆವರು. ತಾವು ಜನ್ಮದಲ್ಲಿ ಒಮ್ಮೆಯೂ ಸುರಿಸದ ಬೆವರನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ಹಜಾರದಲ್ಲಿ ತೂಗುಹಾಕುವುದು ಅವರ ಶೋಕಿ. ಆದ್ದರಿಂದ ಆ ಅಂಗಿಗಳನ್ನು ಒಗೆಯಕೂಡದು. ಇದನ್ನು ಪ್ರಚಾರಾಧಿಕಾರಿ ಸಮಿತಿಗೆ ಹೇಳಿದ, ಆಟಗಾರರಿಗೆ ಹೇಳಿದ, ಪತ್ರಿಕೆಯವರಿಗೆ, ಚೌಕಟ್ಟು ಹಾಕುವವನಿಗೆ, ಹರಾಜಿನ ದಿನ ಊಟ ಬಡಿಸುವವರಿಗೂ ಹೇಳಿದ. ಒಗೆಯುವವಳಿಗೆ ಹೇಳಲಿಲ್ಲ. ಒಗೆಯದೆ ಇರುವುದೂ ಒಬ್ಬರು ಮಾಡಬೇಕಾದ ಕೆಲಸ ಎಂದು ಅವನಿಗೆ ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಳೆ ಬಿತ್ತು. ಮಧ್ಯಾಹ್ನದ ಆಟ ಪೂರ್ತಿ ಕೆಸರಾಟ. ಎಂದೂ ಕಲೆ ಮಾಡಿಕೊಳ್ಳದ ನಾಯಕನೂ ಒಮ್ಮೆ ಜಾರಿ ಬಿದ್ದು ಮುಂಗೈ ಮಣ್ಣು ಮಾಡಿಕೊಂಡ. ಮೇಲೆ ಕೂತ ಪ್ರಚಾರಾಧಿಕಾರಿಗೆ ಯಾರು ಜಾರಿದರೂ ಹರಾಜಿನ ಬೆಲೆ ಏರಿದಂತೆ ಕಾಣುತ್ತಿತ್ತು. ಅಷ್ಟು ಖುಷಿಯಾಗಿ ಅವನು ಯಾವ ಆಟವನ್ನೂ ನೋಡಿದ್ದಿಲ್ಲವಂತೆ.

ಕೆಳಗೆ ಸೋಪಕ್ಕ ತೋಳು ಮಡಚಿ ಕಾದಿದ್ದಳು. ಇವತ್ತಿನ ಅಂಗಿ ತಂಗಿಯ ವಾರ್ಡಿನ ಮಕ್ಕಳಿಗಾಗಿ. ಎಂದಿನಂತೆ ಒಗೆದರೆ ಸಾಲದು. ಆಟಗಾರರು ಕಳಚಿ ಎಸೆದ ಅಂಗಿಗಳನ್ನು ಬಾಚಿ ತಂದು ತಣ್ಣೀರಿಗೆ ಹಾಕಿದಳು. ಒಮ್ಮೆ ಮೆಷಿನ್ನಿಗೆ ಹಾಕಿ, ತೆಗೆದು, ಬೆಳಕಿಗೆ ಹಿಡಿದು, ಗೋಲಿಯ ಮೊಣಕೈಯಲ್ಲಿ ನೆರಳಿನಂತೆ ಉಳಿದಿದ್ದ ಕೆಂಪನ್ನು ಬ್ರಶ್ಶಿನಲ್ಲಿ ಎಬ್ಬಿಸಿ, ಮತ್ತೊಮ್ಮೆ ಹಾಕಿದಳು. ಸಂಜೆ ಐದೂವರೆಗೆ ಹನ್ನೊಂದು ಅಂಗಿಗಳು ಹಗ್ಗದ ಮೇಲೆ ಹೊಸ ಮದುಮಕ್ಕಳ ಹಾಗೆ ನಿಂತಿದ್ದವು. ತನ್ನ ಕೆಲಸ ನೋಡಿ ತಾನೇ ಮೆಚ್ಚಿಕೊಂಡು ಬೆನ್ನು ನೆಟ್ಟಗೆ ಮಾಡಿದವಳಿಗೆ ಚಾವಣಿ ತಲೆಗೆ ತಗುಲಿತು.

ಸೋಮವಾರ ಬೆಳಿಗ್ಗೆ ಚೌಕಟ್ಟು ಹಾಕುವವನನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಚಾರಾಧಿಕಾರಿ ಒಳಗೆ ಬಂದ.

"ಅಕ್ಕಾ, ಭಾನುವಾರದ ಅಂಗಿಗಳೆಲ್ಲಿ?"

ಸೋಪಕ್ಕ ಹೆಮ್ಮೆಯಿಂದ ಹಗ್ಗ ತೋರಿಸಿದಳು.

ಅವನು ನೋಡಿದ. ಹಗ್ಗದ ಆಚೆ ನೋಡಿದ. ಬಕೆಟ್ಟಿನೊಳಗೆ ಇಣುಕಿದ. "ಇವಲ್ಲ, ಕೊಳೆ ಅಂಗಿಗಳು."

"ಕೊಳೆ ಅಂಗಿ ಈ ರೂಮಲ್ಲಿ ಸೋಮವಾರದ ತನಕ ಯಾವತ್ತು ಇತ್ತು ಸಾರ್? ಎರಡು ಸಲ ಒಗ್ದಿದೀನಿ. ಬೇಕಾದ್ರೆ ಮೂಸಿ ನೋಡಿ."

ಅವನು ಮೂಸಲಿಲ್ಲ. ಅಲ್ಲೇ ತಿರುಗಿಸಿಟ್ಟಿದ್ದ ಬಕೆಟ್ಟಿನ ಮೇಲೆ ಕುಸಿದು ತಲೆ ಮೇಲೆ ಕೈ ಹೊತ್ತ. "ಏನ್ ಮಾಡಿಬಿಟ್ರಿ ಅಕ್ಕಾ! ಅದು ಐತಿಹಾಸಿಕ ಮಣ್ಣು!"

"ಮಣ್ಣಿಗೇನು ಬರ ಸಾರ್? ಹೊರಗಡೆ ಇಡೀ ಮೈದಾನ ಇದೆ."

ಈ ಮಾತನ್ನು ಅವಳು ಹಂಗಿಸಲು ಆಡಿದ್ದು. ಅವನ ಮುಖ ಮಾತ್ರ ಅರಳಿತು. ಐದು ನಿಮಿಷದಲ್ಲಿ ಚೌಕಟ್ಟಿನವನನ್ನು ಆಮೇಲೆ ಬಾ ಎಂದು ಕಳಿಸಿ, ಬಾಗಿಲು ಹಾಕಿ ಚಿಲಕ ಸರಿಸಿದ್ದಾಯಿತು. ಆದರೆ ರಾತ್ರಿಯಿಡೀ ಗಾಳಿ ಬೀಸಿ ಮೈದಾನ ಒಣಗಿತ್ತು, ಅಲ್ಲಿ ಹೋಗಿ ಕೆರೆದರೆ ಕಾವಲುಗಾರರು ಕಾರಣ ಕೇಳುತ್ತಾರೆ. ಕೊನೆಗೆ ಅವನೂ ಅವನ ಸಹಾಯಕಿಯೂ ಸೇರಿ ಎರಡನೇ ಮಹಡಿಯ ಕಚೇರಿಯಿಂದ ಎರಡು ಹೂಕುಂಡ ಇಳಿಸಿಕೊಂಡು ಬಂದರು. ಮಗ್ಗಿನಲ್ಲಿ ನೀರು ಹಾಕಿ ಕಲಸಿದರು. ಅಂಗಿಗೊಂದು ಹಿಡಿಯಂತೆ, ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ, ಎದೆಯ ಮೇಲೆ ಅಚ್ಚುಕಟ್ಟಾಗಿ ಸವರತೊಡಗಿದರು.

ಸೋಪಕ್ಕ ಗೋಡೆಗೆ ಒರಗಿ ನೋಡುತ್ತಿದ್ದಳು. ತಾನು ತೊಳೆದ ಅಂಗಿಗೆ ಕಣ್ಣೆದುರೇ ಕೊಳೆ ಹಚ್ಚುವುದನ್ನು ನೋಡುವ ಸಂಕಟ ಒಂದು ಕಡೆ. ಹಚ್ಚುವುದೂ ಬರುವುದಿಲ್ಲವಲ್ಲ ಇವರಿಗೆ ಎನ್ನುವ ತಾತ್ಸಾರ ಇನ್ನೊಂದು ಕಡೆ.

"ಅದು ಗೋಲಿದು ಸಾರ್. ಗೋಲಿ ಮೊಣಕೈ ಊರಿ ಬೀಳ್ತಾನೆ. ಎದೆ ಮೇಲೆ ಮಣ್ಣು ಹೇಗೆ ಬರುತ್ತೆ? ಹೊಟ್ಟೇಲಿ ತೆವಳಿದ್ನಾ?"

"ಹಾಗಾದ್ರೆ ನೀವೇ ಹಚ್ಚಿಕೊಡಿ ಅಕ್ಕಾ, ನಿಮಗೆ ಗೊತ್ತಿರತ್ತೆ."

"ನಾನು ಒಗೆಯೋಳು."

ಅಷ್ಟಕ್ಕೇ ಮುಗಿದಿದ್ದರೆ ಅವಳು ಬಾಯಿಗೆ ಬೀಗ ಹಾಕಿಕೊಂಡು ಸುಮ್ಮನಿರುತ್ತಿದ್ದಳೇನೋ. ಆದರೆ ಪ್ರಚಾರಾಧಿಕಾರಿ ಬೆರಳ ತುದಿಗಳನ್ನಷ್ಟೇ ತೊಳೆದುಕೊಂಡು ಚೀಲದಿಂದ ದಪ್ಪ ಕಾಗದದ ಹನ್ನೊಂದು ಹಾಳೆ ತೆಗೆದ. ಸುತ್ತ ಬಂಗಾರದ ಬಣ್ಣದ ಬಳ್ಳಿ, ಮೇಲೆ ಕ್ಲಬ್ಬಿನ ಲಾಂಛನ, ಅದರ ಕೆಳಗೆ 'ಪ್ರಮಾಣಪತ್ರ', ನಡುವೆ ಖಾಲಿ ಗೆರೆಗಳು. ಬೇರೆಲ್ಲೋ ಹರಾಜಿನಲ್ಲಿ ನಕಲಿ ಅಂಗಿ ಮಾರಿ ಗಲಾಟೆಯಾಗಿತ್ತಂತೆ. ಈಗ ಕೊಳ್ಳುವವರು, ಅಂಗಿ ನೋಡಿಕೊಳ್ಳುವವರ ಸ್ವಂತ ಕೈಬರಹದ ಪತ್ರ ಕೇಳುತ್ತಾರಂತೆ. 'ಈ ಅಂಗಿಗೆ ಪಂದ್ಯದ ನಂತರ ಒಂದು ಹನಿ ನೀರೂ ತಾಗಿಲ್ಲ' ಎಂದು ಬರೆದು ಸಹಿ ಹಾಕಬೇಕು. ಆಮಂತ್ರಣದಲ್ಲಿ ಅವಳ ಫೋಟೊ ಆಗಲೇ ಅಚ್ಚಾಗಿತ್ತು: ಇಪ್ಪತ್ತಾರು ವರ್ಷಗಳಿಂದ ನಮ್ಮ ಅಂಗಿಗಳನ್ನು ಕಾಯ್ದ ತಾಯಿ ಸ್ವಹಸ್ತದಿಂದ ಬರೆದ ಪತ್ರದೊಂದಿಗೆ, ಇತ್ಯಾದಿ. ಅವಳನ್ನು ಕೇಳುವ ಮೊದಲೇ ಅವಳನ್ನು ತಾಯಿ ಮಾಡಿದ್ದರು.

"ಇದಕ್ಕೆ ನಾನು ಸಹಿ ಹಾಕಲ್ಲ," ಅಂದಳು ಸೋಪಕ್ಕ.

"ಯಾಕೆ ಅಕ್ಕಾ?"

"ಎರಡು ಸಲ ಒಗ್ದಿದೀನಿ."

"ಅದು ನಮಗೆ ಗೊತ್ತು..."

"ಇಪ್ಪತ್ತಾರು ವರ್ಷಕ್ಕೆ ಮೊದಲನೇ ಸಲ ನನ್ನ ಕೈಲಿ ಏನಾದ್ರೂ ಬರೆಸ್ತಾ ಇದೀರಿ. ಅದರಲ್ಲೂ ನಾನು ಒಗೆದಿಲ್ಲ ಅಂತಾನೇ ಬರೀಬೇಕಾ?"

ಅವನು ದನಿ ತಗ್ಗಿಸಿದ. "ಪತ್ರ ಇಲ್ಲದೆ ಹರಾಜಿಲ್ಲ. ಹರಾಜಿಲ್ಲದೆ ಮೆಷಿನ್ ಇಲ್ಲ. ನಿಮ್ಮ ತಂಗಿ ವಾರ್ಡಿನ ಮಕ್ಕಳನ್ನ ನೆನಪಿಸಿಕೊಳ್ಳಿ ಅಕ್ಕಾ." ಮಕ್ಕಳು ಎನ್ನುವಾಗ ಅವನ ಕೈ ತಾನಾಗಿ ಎದೆ ಮೇಲೆ ಹೋಯಿತು. ಅಲ್ಲಿ ಮಣ್ಣಿನ ಗುರುತಾಯಿತು.

ಆ ಸಂಜೆ ತಂಗಿ ಡ್ಯೂಟಿ ಮುಗಿಸಿ ಮನೆಗೆ ಬಂದಿದ್ದಳು. ಸೋಪಕ್ಕನ ಗಂಡ ಬಸ್ಸಿನ ಕಂಡಕ್ಟರು, ಕ್ಲಬ್ಬಿನ ಪರಮ ಭಕ್ತ; ಒಂಬತ್ತು ವರ್ಷದ ಸೋಲೂ ಅವನ ಭಕ್ತಿಯನ್ನು ಅಲುಗಿಸಿರಲಿಲ್ಲ. ಅಡುಗೆಮನೆಯ ಮೇಜಿನ ಸುತ್ತ ಮೂವರೂ ಚಹಾ ಹಿಡಿದು ಕೂತರು.

"ಏನೇ ಅನ್ನು, ಒಳ್ಳೇದು ಮಾಡ್ತಿದಾರಲ್ಲ," ಎಂದ ಗಂಡ. "ಬೇರೆ ಕ್ಲಬ್ಬುಗಳು ಬರೀ ದುಡ್ಡು ಮಾಡ್ತವೆ. ನಮ್ಮೋರು ಸಮಾಜಾನೂ ನೋಡ್ತಾರೆ."

"ಅಂಗಿ ಮಾರೋಕೆ ಸಮಾಜ ನೋಡ್ತಾರೆ ಕಣ್ರೀ. ಮಾರ್ಲಿ, ಬೇಡ ಅಂದೋರು ಯಾರು? ಮಾರ್ತಾ ಇದೀವಿ ಅಂತ ಹೇಳಿ ಮಾರ್ಲಿ. ಮೆಷಿನ್ ಕೊಡ್ಬೇಕಾ, ಕೊಡ್ಲಿ, ಕೊಟ್ಟು ಮನೆಗೆ ಹೋಗ್ಲಿ. ಇವ್ರಿಗೆ ಎರಡನ್ನೂ ಸೇರಿಸಿ ನೆನೆಹಾಕೋ ಚಪಲ. ಬಣ್ಣದ್ದೂ ಬಿಳೀದೂ ಒಟ್ಟಿಗೆ ಹಾಕಿದ್ರೆ ಬಿಳೀದೇ ಹಾಳಾಗೋದು."

"ನಿಂದು ಬರೀ ಒಗೆಯೋ ಲೆಕ್ಕ."

"ಮತ್ತೆ ನಿಮ್ದು? ಅಂಗಿ ಮೇಲೆ ಹಕ್ಕಿ ರೆಕ್ಕೆ ಇದೆ ಅಂತ ಎಂಟು ನೂರು ಜಾಸ್ತಿ ಕೊಟ್ಟು ತಂದ್ರಲ್ಲ, ಒಂದು ಹಕ್ಕೀಗಾದ್ರೂ ನೀರಿಟ್ರಾ?"

ಗಂಡ ಚಹಾದ ಲೋಟದೊಳಗೆ ಮುಖ ಇಳಿಸಿದ.

ತಂಗಿ ಲೋಟ ಕೆಳಗಿಟ್ಟಳು. "ಅಕ್ಕ, ಅವ್ರು ಯಾಕೆ ಕೊಡ್ತಾರೆ ಅನ್ನೋದು ನಂಗೆ ಬೇಕಾಗಿಲ್ಲ ಕಣೇ. ಕಳ್ಳ ಕೊಟ್ರೂ ಇಸ್ಕೋತೀನಿ. ಇವತ್ತು ಹದಿನಾಲ್ಕನೇ ಬೆಡ್ಡಿನ ಮಗೂಗೆ ಹಾಸೋಕೆ ಏನೂ ಇಲ್ದೆ ನನ್ನ ಶಾಲು ಹಾಸಿ ಬಂದಿದೀನಿ. ಅವ್ರು ಹೇಳಿದ್ದು ಬರೆದುಬಿಡೇ. ಒಂದು ಸಾಲು. ಯಾರು ಸಾಯ್ತಾರೆ?"

ಸೋಪಕ್ಕ ತಂಗಿಯ ಬರಿಯ ಹೆಗಲು ನೋಡಿದಳು. ಎದ್ದು ಹೋಗಿ ತಂಗಿಗೆ ತನ್ನದೊಂದು ಶಾಲು ತಂದು ಹೊದಿಸಿದಳು.

ಮಂಗಳವಾರ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದವಳು ಊಟದ ಡಬ್ಬಿ ಇಡಲು ಹೋಗಿ ಹಾಗೇ ನಿಂತಳು. ಬೆಡ್‌ಶೀಟು ಎತ್ತಿದಳು. ಮೂರನೇ ಮೆಷಿನ್ನಿನ ಬಾಗಿಲಿಗೆ ಹಚ್ಚಿದ್ದ ಪ್ಲಾಸ್ಟಿಕ್ಕನ್ನು ಕೂಡ ಇನ್ನೂ ಯಾರೂ ಕಿತ್ತಿರಲಿಲ್ಲ. ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಎರಡನೇ ಮಹಡಿ ಹತ್ತಿದಳು.

"ಬರೀತೀನಿ ಸಾರ್. ನನ್ನ ಕೈಯಲ್ಲೇ, ಹನ್ನೊಂದೂ. ಆದ್ರೆ ಮೊದ್ಲು ನನ್ನ ರೂಮಲ್ಲಿ ಸುಮ್ನೆ ಕೂತಿರೋ ಮೆಷಿನ್ ವಾರ್ಡಿಗೆ ಹೋಗ್ಬೇಕು. ಅಲ್ಲಿ ಅದು ತಿರುಗ್ತಾ ಇದೆ ಅಂತ ನನ್ನ ತಂಗಿ ಫೋನ್ ಮಾಡಿದ್ಮೇಲೆ ಪೆನ್ನು ಹಿಡೀತೀನಿ."

"ಅದು ಹಾಗಲ್ಲ ಅಕ್ಕಾ. ಮೊದಲು ಹರಾಜು, ಆಮೇಲೆ ಹಸ್ತಾಂತರ, ಅದಕ್ಕೊಂದು ಕಾರ್ಯಕ್ರಮ..."

"ಹಾಗಾದ್ರೆ ತಾಯಿ ಫೋಟೊ ಬೇರೆ ಹುಡುಕ್ಕೊಳ್ಳಿ."

ಅವನು ಲೆಕ್ಕ ಹಾಕಿದ. ಬಿಟ್ಟಿ ಬಂದ ಮೆಷಿನ್ನು. ಕೊಟ್ಟರೆ ಹೊಸದು ಕೊಳ್ಳುವ ಖರ್ಚೇ ಇಲ್ಲ. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಬೇಸರವಾದಂತೆ ಕಂಡಿತು.

"ಆಯ್ತು. ಆದ್ರೆ ನೀವು ಖಂಡಿತ ಬರೀತೀರಲ್ಲ?"

"ಬರೀತೀನಿ. ಏನಾಗಿದೆಯೋ ಅದನ್ನ ಬರೀತೀನಿ."

ಅವನಿಗೆ ಕೇಳಿಸಿದ್ದು ಮೊದಲನೆಯ ಮಾತು ಮಾತ್ರ. ಎರಡನೆಯದು ಮುಗಿಯುವಷ್ಟರಲ್ಲಿ ಒಂದು ಫೋನು ಬಡಿದುಕೊಂಡಿತ್ತು.

ಬುಧವಾರ ಮಧ್ಯಾಹ್ನ ಮೆಷಿನ್ ವಾರ್ಡಿಗೆ ಹೋಯಿತು. ಅದರ ಜತೆ ನಾಯಕ, ಸ್ಟಾರ್, ಮೂವರು ಫೋಟೊದವರು, ಮತ್ತೆ ಮೆಷಿನ್ನಿಗಿಂತ ದೊಡ್ಡ ರಿಬ್ಬನ್. ಗಾಜಿನ ಬಾಗಿಲಿಗೆ ಕ್ಲಬ್ಬಿನ ಲಾಂಛನದ ಸ್ಟಿಕರ್ ಅಂಟಿಸಿದ್ದರಿಂದ ಒಳಗೆ ಬಟ್ಟೆ ತಿರುಗುತ್ತಿದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಅವರೆಲ್ಲ ಹೊರಟ ಮೇಲೆ ತಂಗಿ ಬ್ಯಾಂಡೇಜ್ ಕತ್ತರಿಯಿಂದ ಸ್ಟಿಕರ್ ಕೆರೆದು ತೆಗೆದಳಂತೆ. ಸಂಜೆ ಐದಕ್ಕೆ ಅವಳ ಫೋನು ಬಂತು.

"ಅಕ್ಕ, ಕೇಳಿಸ್ತಾ ಇದೆಯಾ?" ಎಂದು ಫೋನನ್ನು ಮೆಷಿನ್ನಿಗೆ ಹಿಡಿದಳು. ಸೋಪಕ್ಕ ಹಿಂಡುವ ಸುತ್ತು ಮುಗಿಯುವವರೆಗೂ ಕೇಳಿದಳು.

"ಬೆಡ್‌ಶೀಟು ಜಾಸ್ತಿ ತುಂಬಿದೀಯ. ಮುಕ್ಕಾಲು ಮಾತ್ರ ತುಂಬು."

ಆಮೇಲೆ ಪೆನ್ನು ತೆಗೆದುಕೊಂಡು ಇಸ್ತ್ರಿ ಮೇಜಿನ ಮೇಲೆ ಹನ್ನೊಂದು ಹಾಳೆಗಳನ್ನು ಹರವಿದಳು. ಪ್ರಚಾರಾಧಿಕಾರಿ ಕೊಟ್ಟಿದ್ದ ಮಾದರಿ ಚೀಟಿಯನ್ನು ಕುರ್ಚಿಯ ಕಾಲು ಅಲ್ಲಾಡದಂತೆ ಮಡಚಿ ಅಡಿಗಿಟ್ಟಳು. ಹೀಗೆ ಬರೆದಳು:

'ಈ ಅಂಗಿಯನ್ನು ಪಂದ್ಯ ಮುಗಿದ ಅರ್ಧ ಗಂಟೆಯೊಳಗೆ ನಾನೇ ತಣ್ಣೀರಿನಲ್ಲಿ ನೆನೆಸಿ ಎರಡು ಸಲ ಒಗೆದಿದ್ದೇನೆ. ಒಂದು ಕಲೆಯೂ ಉಳಿದಿರಲಿಲ್ಲ. ಈಗ ಮೇಲಿರುವ ಮಣ್ಣು ಕಚೇರಿಯ ಹೂಕುಂಡದ್ದು, ಸೋಮವಾರ ಪ್ರಚಾರ ವಿಭಾಗದವರು ಹಚ್ಚಿದ್ದು. ಬೇಕಾದವರು ತಂದುಕೊಟ್ಟರೆ ಮತ್ತೆ ಒಗೆದುಕೊಡುತ್ತೇನೆ.'

ಕೆಳಗೆ ದುಂಡಗೆ ಸಹಿ. ಹೀಗೆ ಹನ್ನೊಂದು ಸಲ, ಒಂದಕ್ಷರ ಹೆಚ್ಚು ಕಡಿಮೆಯಾಗದಂತೆ. ಇದನ್ನು ಯಾರಾದರೂ ಓದಿದರೆ ಕೆಲಸ ಹೋಗುತ್ತದೆ, ಮೆಷಿನ್ನೂ ವಾಪಸು ಬರಬಹುದು ಎಂದು ಅವಳಿಗೆ ಗೊತ್ತಿತ್ತು. ಕೊನೆಯ ಹಾಳೆಗೆ ಬರುವಷ್ಟರಲ್ಲಿ ಅಂಗೈ ಬೆವೆತು ಬಂಗಾರದ ಬಳ್ಳಿಯ ಒಂದು ಎಲೆ ಅಳಿಸಿಹೋಯಿತು.

ಮರುದಿನ ಪ್ರಚಾರಾಧಿಕಾರಿ ಹಾಳೆಗಳನ್ನು ಕೈಯಲ್ಲಿ ಹಿಡಿದು, ತೋಳು ಚಾಚಿ, ತಲೆ ಓರೆ ಮಾಡಿ ನೋಡಿದ. ಸೋಪಕ್ಕ ಬಕೆಟ್ಟಿನ ಹಿಡಿಕೆ ಬಿಗಿಯಾಗಿ ಹಿಡಿದಿದ್ದಳು.

"ಅದ್ಭುತ ಅಕ್ಕಾ. ಅಕ್ಷರ ಎಷ್ಟು ಮುಗ್ಧವಾಗಿದೆ! ಎಡಗಡೆ ಮಾರ್ಜಿನ್ ಮಾತ್ರ ಸ್ವಲ್ಪ ಜಾಸ್ತಿಯಾಯ್ತು," ಎಂದವನೇ ಕೆಳಗೆ ತನ್ನದೂ ಸಹಿ ಹಾಕಿದ.

ಭಾನುವಾರ ಹನ್ನೊಂದು ಗಂಟೆಗೆ ಹರಾಜು. ಸೋಪಕ್ಕನನ್ನು ವೇದಿಕೆಯ ಮೇಲೆ, ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಚೌಕಟ್ಟಿನೊಳಗೆ ಅಂಗಿ, ಅಂಗಿಯ ಪಕ್ಕ ಅವಳ ಪತ್ರ. ಕೊಳ್ಳುವವರು ಒಬ್ಬೊಬ್ಬರಾಗಿ ಹತ್ತಿರ ಬಂದು ಮಣ್ಣನ್ನು ಕಣ್ಣರಳಿಸಿ ನೋಡುತ್ತಿದ್ದರು. ಪತ್ರವನ್ನೂ ನೋಡುತ್ತಿದ್ದರು. ಸ್ಟಾರ್‌ನ ಅಂಗಿಯನ್ನು ಹರಾಜಿನಲ್ಲಿ ಹಿಡಿದ ಟೈಲ್ಸ್ ವ್ಯಾಪಾರಿಯೊಬ್ಬರು ಎದ್ದುನಿಂತು, "ಅಧ್ಯಕ್ಷರೇ, ಆ ತಾಯಿ ಬರೆದದ್ದನ್ನ ನಿಮ್ಮ ಬಾಯಲ್ಲೇ ಓದಿ. ನಾವೆಲ್ಲ ಕೇಳಬೇಕು," ಎಂದರು.

ಅಧ್ಯಕ್ಷರು ಚೌಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಕನ್ನಡಕ ಅವರ ಜೇಬಿನಲ್ಲಿತ್ತು; ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಅವರು ವೇದಿಕೆ ಮೇಲೆ ಹಾಕುತ್ತಿರಲಿಲ್ಲ. ಪತ್ರದ ಮೇಲೆ ಕಣ್ಣಿಟ್ಟು, ಒಂದೊಂದೇ ಸಾಲಿಗೆ ತಲೆಯಾಡಿಸುತ್ತ, ಗಂಭೀರವಾಗಿ ಓದಿದರು:

"ಈ ಅಂಗಿಗೆ ಒಂದು ಹನಿ ನೀರೂ ತಾಗಿಲ್ಲ. ಇದರಲ್ಲಿರುವುದು ನಮ್ಮ ಹುಡುಗರ ಬೆವರು, ನಮ್ಮ ನೆಲದ ಮಣ್ಣು. ಇದನ್ನು ನಾನು ನನ್ನ ಮಕ್ಕಳಂತೆ ಕಾಪಾಡಿದ್ದೇನೆ."

ಅವರ ಗಂಟಲು ಕಟ್ಟಿತು. ಸಭೆ ಎದ್ದು ನಿಂತಿತು. ಚಪ್ಪಾಳೆಗೆ ಕಿವಿ ಗವ್ವೆಂದಿತು. ಪ್ರಚಾರಾಧಿಕಾರಿ ಎರಡೂ ಫೋನುಗಳಲ್ಲಿ ಒಟ್ಟಿಗೆ ಚಿತ್ರ ತೆಗೆದ. ಆವತ್ತು ಬಂದ ಹಣ, ವಾರ್ಡಿಗೆ ಮೆಷಿನ್ ಆಗಲೇ ಸಂದಾಯವಾಗಿದ್ದರಿಂದ, 'ಮುಂದಿನ ಕಾಳಜಿಗಳಿಗೆ' ಮೀಸಲಾಯಿತು. ಮುಂದಿನ ಕಾಳಜಿ ಜೇನುನೊಣಗಳದ್ದು. ಹಳದಿ ಅಂಗಿ, ಬಣ್ಣ ಬಿಡುತ್ತದೆ.

ಎಂಟು ತಿಂಗಳು ಕಳೆಯಿತು. ವಾರ್ಡಿನಲ್ಲಿ ದಿನಕ್ಕೆ ಆರು ಸಲ ಮೆಷಿನ್ ತಿರುಗುತ್ತದೆ. ತಂಗಿ ಈಗ ಮುಕ್ಕಾಲೇ ತುಂಬುತ್ತಾಳೆ. ಸೋಪಕ್ಕ ಊಟದ ಡಬ್ಬಿ ಇಡಲು ಜಾಗವಿಲ್ಲದೆ ಕಿಟಕಿಗೆ ಒಂದು ಮೊಳೆ ಹೊಡೆದುಕೊಂಡಳು. ಒಂದು ಬೆಳಿಗ್ಗೆ ಅವಳ ಕೋಣೆಯ ಬಾಗಿಲಲ್ಲಿ ಟೈಲ್ಸ್ ವ್ಯಾಪಾರಿ ನಿಂತಿದ್ದರು, ಕಂಕುಳಲ್ಲಿ ಪೇಪರಿನ ಪೊಟ್ಟಣ. ಆಚೀಚೆ ನೋಡಿ ಒಳಗೆ ಬಂದವರು ಚಾವಣಿಗೆ ತಲೆ ಬಡಿಸಿಕೊಂಡರು.

"ಅಮ್ಮಾ, ಚೌಕಟ್ಟಿನೊಳಗೆ ಹುಳ ಆಗಿದೆ. ಗಾಜಿನ ಹಿಂದೆ ಓಡಾಡ್ತಾ ಇತ್ತು. ನಮ್ಮನೆಯವ್ಳು ಕಿರುಚಿಕೊಂಡು ಬಿಚ್ಚಿಸಿದ್ಲು. ಬಿಚ್ಚಿದಾಗ ನಿಮ್ಮ ಪತ್ರ..." ಅವರು ಪೊಟ್ಟಣವನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. "ಓದಿದೆ."

"ಹೂಂ."

"ನಾನು ಗಲಾಟೆಗೆ ಬಂದಿಲ್ಲ. ಬಂದೋರಿಗೆಲ್ಲ ಆ ಅಂಗಿ ತೋರಿಸಿದೀನಿ. ನನ್ನ ಬೀಗರ ಮುಂದೆ ಆ ಮಣ್ಣಿನ ಬಗ್ಗೆ ಭಾಷಣಾನೇ ಮಾಡಿದೀನಿ. ಈಗ ಹೂಕುಂಡದ್ದು ಅಂತ ಹೇಳೋಕಾಗುತ್ತಾ? ಯಾರಿಗೂ ಹೇಳ್ಬೇಡಿ. ಒಗೆದುಕೊಡ್ತೀನಿ ಅಂತ ಬರೆದಿದೀರಲ್ಲ, ಅದಕ್ಕೆ ಬಂದೆ."

ಸೋಪಕ್ಕ ಪೊಟ್ಟಣ ಬಿಚ್ಚಿ ಅಂಗಿಯನ್ನು ಕೊಡವಿದಳು. ಒಳಮೈ ಹೊರಗೆ ಮಾಡಿ ತಣ್ಣೀರಿಗೆ ಹಾಕಿದಳು. "ನಾಳೆ ಹತ್ತು ಗಂಟೆಗೆ ಬನ್ನಿ. ಒಂದು ಕಲೆ ಇರಲ್ಲ."

ವ್ಯಾಪಾರಿ ಹೋಗಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿ ಬಂದರು.

"ಒಂದು ಮಾತು. ಒಗೆದಾದ ಮೇಲೆ... ಎದೆ ಹತ್ರ ಮಾತ್ರ, ಹುಳ ಇಲ್ಲದ್ದು, ಸ್ವಲ್ಪ ಮಣ್ಣು ಹಚ್ಚಿ ಕೊಡ್ತೀರಾ?"

ಸೋಪಕ್ಕ ನೀರಿನಿಂದ ಕೈ ತೆಗೆದು ಮೇಲೆ ತೋರಿಸಿದಳು.

"ಅದು ನನ್ನ ಕೆಲಸ ಅಲ್ಲ. ಎರಡನೇ ಮಹಡಿ, ಮೆಟ್ಟಿಲು ಹತ್ತಿ ಬಲಗಡೆ. ಅಲ್ಲಿ ಕೇಳಿ."

ಅವರು ಹತ್ತಿ ಹೋದರು.